ಹಾರುವವರೆಗೂ ಭಾನುವಾರ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನಿಂತು, ಬ್ಲೌಸ್ ಹೊಲಿಯುವ ನಯನಳ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ಮನೆಗೆ ಬೋರ್ಡಿಲ್ಲ. ಮುಂದಿನ ಕೋಣೆಯ ಕಿಟಕಿಯಲ್ಲಿ, ಮಿಷನ್ನಿನ ಮೇಲೆ ಬಗ್ಗಿದ ಅವಳ ತಲೆಯೇ ಬೋರ್ಡು. ವಯಸ್ಸು ನಲವತ್ತೆರಡು. ತವರು ಸಖರಾಯಪಟ್ಟಣ. ಬಾಗಿಲಲ್ಲಿ ನಿಂತ ಹೆಂಗಸಿನ ಭುಜದ ಅಳತೆಯನ್ನು ಟೇಪು ಮುಟ್ಟದೆ ಹೇಳುತ್ತಾಳೆ. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಆಚೀಚೆ ಆದರೂ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಾಳೆ. "ಇರ್ಲಿ ಬಿಡವ್ವ, ಸೆರಗಲ್ಲಿ ಮುಚ್ಚೋಗುತ್ತೆ" ಎಂದು ಹೊಲಿಸಿಕೊಂಡವರೇ ಹೇಳಿದರೂ ಕೇಳುವುದಿಲ್ಲ.

ಗಂಡ ಮಹೇಂದ್ರನಿಗೆ ಊರಾಚೆ ತೆಂಗಿನ ತೋಟ, ಒಂದಷ್ಟು ರಾಗಿ ಹೊಲ. ಅತ್ತೆ ಮೀನಾಕ್ಷಮ್ಮ ಕನ್ನಡಕ ಏರಿಸಿಕೊಂಡು, ಕೂತಲ್ಲೇ ಬ್ಲೌಸುಗಳಿಗೆ ಹುಕ್ ಹಾಕಿಕೊಡುತ್ತಾರೆ. ಒಬ್ಬಳೇ ಮಗಳು ನಿಶ್ಚಿತಾ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಾಳೆ.

ಆ ಮನೆಗೂ ವಾರಕ್ಕೊಂದು ಭಾನುವಾರ ಬರುತ್ತಿತ್ತು. ಅದು ಮಹೇಂದ್ರನ ಪಾಲಿಗೆ ಬರುತ್ತಿತ್ತು. ಮಧ್ಯಾಹ್ನದ ಊಟ, ನಿದ್ದೆ, ನಾಲ್ಕು ಗಂಟೆಗೆ ಗೆಳೆಯರು. ಗೆಳೆಯರು ಬಂದರೆಂದರೆ ಕಾಫಿ, ಕಾಫಿ ಎಂದರೆ ಜೊತೆಗೆ ಬೋಂಡ. ಲೋಟ ತೊಳೆದಿಟ್ಟರೆ ಸೋಮವಾರದ ದೋಸೆಗೆ ರುಬ್ಬುವುದು, ರುಬ್ಬಿ ಎದ್ದರೆ ಚಪಾತಿ ಹಿಟ್ಟು ಕಲಸುವುದು. ಇವು ಯಾವುದಕ್ಕೂ ಆ ಮನೆಯಲ್ಲಿ ಕೆಲಸ ಎಂಬ ಹೆಸರಿರಲಿಲ್ಲ. "ಇವತ್ತು ರಜ ಕಣೇ, ನೀನೂ ಮಿಷನ್ ಮುಚ್ಚಿಟ್ಟು ಆರಾಮಾಗಿರು" ಎಂದು ಮಹೇಂದ್ರ ಪ್ರತಿ ಭಾನುವಾರವೂ ಹೇಳುತ್ತಿದ್ದ, ಇನ್ನೊಂದು ಬೋಂಡಕ್ಕೆ ಕೈ ಚಾಚುತ್ತ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಮಹೇಂದ್ರನ ಗೆಳೆಯ ಸುರೇಶನ ಕಣ್ಣು ಬೀರುವಿನ ಹಿಂದೆ ಒರಗಿಸಿಟ್ಟಿದ್ದ ಬಿಳಿ ಹಲಗೆಗಳ ಮೇಲೆ ಬಿತ್ತು.

"ಏನಪ್ಪಾ ಅದು, ಮನೇಗೆ ಸೀಲಿಂಗ್ ಹಾಕುಸ್ತೀಯಾ?"

"ಫೋಮ್ ಬೋರ್ಡಂತೆ" ಎಂದ ಮಹೇಂದ್ರ. "ನಿಶ್ಚಿತಂದು. ನಾಲ್ಕು ಜನ ಸೇರ್ಕೊಂಡು ರಿಮೋಟಿನ ವಿಮಾನ ಮಾಡ್ಬೇಕಿತ್ತು ಕಾಲೇಜಲ್ಲಿ. ಕಂಪ್ಯೂಟರಲ್ಲಿ ಚಿತ್ರ ತೋರ್ಸಿ ಮುಗಿಸ್ಬಿಟ್ರು. ಮಾರ್ಕ್ಸ್ ಬಂತು, ವಿಮಾನ ಬರ್ಲಿಲ್ಲ. ಮೋಟಾರು, ರಿಮೋಟು ಎಲ್ಲಾ ಅಗೋ, ಆ ಚಪ್ಪಲಿ ಡಬ್ಬದಲ್ಲಿ ಬಿದ್ದಾವೆ."

"ಗುಜರಿಗೆ ಹಾಕತ್ಲಾಗೆ."

"ಅದನ್ನ ನಾನ್ ಮಾಡ್ತೀನಿ" ಎಂದಳು ನಯನ.

ಬೋಂಡದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಾಗೇಕೆ ಅಂದೆ ಎಂದು ಅವಳಿಗೂ ಗೊತ್ತಾಗಲಿಲ್ಲ. ಒಳಗೆ ಎಣ್ಣೆ ಕಾಯುತ್ತಿತ್ತು.

"ಮಾಡು, ಯಾರ್ ಬ್ಯಾಡ ಅಂದೋರು" ಎಂದ ಮಹೇಂದ್ರ.

"ಯಾವಾಗ್ ಮಾಡ್ಲಿ? ಈಗ ಬೋಂಡ ಮಾಡ್ತಿದೀನಲ್ಲ."

ಸುರೇಶ ಕಾಫಿ ನೆತ್ತಿಗೇರುವಷ್ಟು ನಕ್ಕ. ಅವನು ನಕ್ಕದ್ದು ತನ್ನನ್ನು ನೋಡಿ ಎಂಬುದು ಮಹೇಂದ್ರನಿಗೆ ತಿಳಿಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಪಂಚಾಯ್ತಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ತಗೋ. ಅದು ಹಾರೋವರ್ಗೂ ಭಾನ್ವಾರ ಸಂಜೆ ನಾಲ್ಕರಿಂದ ಏಳು ನಿಂದು. ಅಡಿಗೆಮನೆ ನಾನ್ ನೋಡ್ಕೊತೀನಿ. ಸುರೇಶನೇ ಸಾಕ್ಷಿ."

ಅವನ ಲೆಕ್ಕದಲ್ಲಿ ಅದು ಎರಡು ವಾರದ ಮಾತು. ಒಂದು ವಾರ ಮಾಡುವುದಕ್ಕೆ, ಇನ್ನೊಂದು ವಾರ ಬೇಜಾರಾಗಿ ಬಿಡುವುದಕ್ಕೆ.

ಮೊದಲ ಭಾನುವಾರ ನಯನ ಏನೂ ಮಾಡಲಿಲ್ಲ. ನಾಲ್ಕು ಗಂಟೆಗೆ ಮುಂದಿನ ಕೋಣೆಯ ಬಾಗಿಲು ಮುಚ್ಚಿಕೊಂಡು, ಬಟ್ಟೆ ಕತ್ತರಿಸುವ ಚಾಪೆಯ ಮೇಲೆ ಅಂಗಾತ ಮಲಗಿದಳು. ಫ್ಯಾನಿನ ರೆಕ್ಕೆಗಳ ಮೇಲೆ ಎಷ್ಟು ಧೂಳಿದೆ ಎಂಬುದು ಕಂಡಿತು. ಎದ್ದು ಒರೆಸಲಿಲ್ಲ. ಅಡುಗೆಮನೆಯಲ್ಲಿ ಒಂದು ಮುಚ್ಚಳ ಬಿದ್ದು ಬಹಳ ಹೊತ್ತು ಗಿರಗಿರ ತಿರುಗಿದ್ದು ಕೇಳಿಸಿತು. ಆಮೇಲೆ ಬಾಗಿಲಾಚೆಯಿಂದ ಮಹೇಂದ್ರನ ದನಿ.

"ಲೇ, ಉಪ್ಪಿಟ್ಟಿಗೆ ರವೆ ಮೊದ್ಲೋ ನೀರು ಮೊದ್ಲೋ?"

ನಯನ ಬಾಯಿ ತೆರೆಯುವ ಮುಂಚೆ ಜಗುಲಿಯಿಂದ ಮೀನಾಕ್ಷಮ್ಮ ಹೇಳಿದರು: "ರಜದಲ್ಲಿರೋರ್ನ ಕೇಳ್ಬಾರ್ದು ಕಣೋ."

ಏಳು ಗಂಟೆಗೆ ಅವಳು ಹೊರಗೆ ಬಂದಾಗ ಮಹೇಂದ್ರನ ಹುಬ್ಬಿನ ಮೇಲೂ ರವೆಯಿತ್ತು. "ಎಲ್ಲೀಗಂಟ ಬಂತು?" ಎಂದ.

"ಯೋಚ್ನೆ ಮಾಡ್ತಿದೀನಿ" ಎಂದಳು. ಅದು ನಿಜವೂ ಆಗಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಕೂತು ಯೋಚನೆ ಮಾಡಿದ್ದು, ಅಲ್ಲ, ಮಲಗಿ ಯೋಚನೆ ಮಾಡಿದ್ದು, ಅದೇ ಮೊದಲು.

ಎರಡನೇ ಭಾನುವಾರ ಡಬ್ಬ ತೆರೆದಳು. ಫೋನಿನಲ್ಲಿ ನಿಶ್ಚಿತಾ ಮುಖ ತೋರಿಸುತ್ತಾ, "ಅಮ್ಮಾ, ನಿಜವಾಗ್ಲೂ ಮಾಡ್ತೀಯಾ?" ಎಂದು ಮೂರು ಸಲ ಕೇಳಿ, ಆಮೇಲೆ ವಿವರಿಸಿದಳು. ಈ ವಿಮಾನಕ್ಕೆ ಬಾಲವಿಲ್ಲ, ಹೊಟ್ಟೆಯೂ ಇಲ್ಲ. ಬರೀ ರೆಕ್ಕೆ. ಹಿಂದಿನ ಅಂಚಿನಲ್ಲಿ ಎರಡು ಪಟ್ಟಿ ಮೇಲೆ ಕೆಳಗೆ ಆಡುತ್ತವೆ. ಎರಡೂ ಮೇಲೆದ್ದರೆ ವಿಮಾನ ಏರುತ್ತದೆ, ಒಂದು ಎದ್ದು ಇನ್ನೊಂದು ಬಗ್ಗಿದರೆ ಹೊರಳುತ್ತದೆ. ಪಟ್ಟಿಗಳನ್ನು ಎಳೆಯಲು ಹೆಬ್ಬೆರಳಿನಷ್ಟಿರುವ ಎರಡು ಮೋಟಾರು, ಹಿಂದಿನಿಂದ ತಳ್ಳಲು ಒಂದು ಫ್ಯಾನು.

"ಅಂದ್ರೆ ಎರಡು ತೋಳು, ಮೈಯಿಲ್ಲ" ಎಂದಳು ನಯನ.

"ಹ್ಞೂಂ, ಹಂಗೇ ಅನ್ಕೋ. ಒಂದೇ ಒಂದು ವಿಷ್ಯ ಅಮ್ಮ. ಭಾರ ಆಗ್ಬಾರ್ದು. ಬ್ಯಾಟರಿ ಸೇರಿ ಮುನ್ನೂರು ಗ್ರಾಂ ಒಳಗಿರ್ಬೇಕು."

ಅಲ್ಲಿಂದ ಮುಂದೆ ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹಳೆಯ ಪೇಪರಿನಲ್ಲಿ ಅರ್ಧ ರೆಕ್ಕೆಯ ನಕ್ಷೆ ಬರೆದು ಕತ್ತರಿಸಿದಳು. ಬೋರ್ಡಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ಕೊಯ್ದಳು. ಭಾರ ಇಳಿಸಲು, ಬೋರ್ಡಿನ ಎರಡು ಮೈಗೂ ಅಂಟಿದ್ದ ಕಾಗದದಲ್ಲಿ ಒಂದು ಮೈಯದನ್ನು ಒದ್ದೆ ಬಟ್ಟೆ ಒತ್ತಿ ನೆನೆಸಿ, ಹಾಲಿನ ಕೆನೆ ತೆಗೆಯುವ ಹಾಗೆ ಮೆಲ್ಲಗೆ ಸುಲಿದಳು. ಮುಂಭಾಗಕ್ಕೆ ಇನ್ನೊಂದು ಪದರ ಅಂಟಿಸಿದಳು. ರೆಕ್ಕೆ ಬಾಗದಂತೆ ಒಳಗೆ ಇಡಲು ಏನಾದರೂ ಸಣ್ಣದು, ಗಟ್ಟಿಯದು, ಹಗುರದ್ದು ಬೇಕಿತ್ತು.

"ತೆಂಗಿನ ಕಡ್ಡಿ ಇಡು" ಎಂದರು ಮೀನಾಕ್ಷಮ್ಮ. ಹೊಸ ಪೊರಕೆಯನ್ನೇ ಬಿಚ್ಚಿ, ಒಂದೊಂದನ್ನೂ ಬಗ್ಗಿಸಿ ನೋಡಿ, ಆರು ಆರಿಸಿಕೊಟ್ಟರು. "ಐವತ್ತು ವರ್ಷದಿಂದ ಹಿಡ್ದಿದೀನಿ. ಯಾವುದು ಮುರಿಯುತ್ತೆ, ಯಾವುದು ತಡಿಯುತ್ತೆ ನಂಗೊತ್ತು."

ವಾರದ ನಡುವೆ ಬ್ಲೌಸ್ ಕೊಡಲು ಅಕ್ಕಸಾಲಿಗರ ಮನೆಗೆ ಹೋದಾಗ ನಯನ ರೆಕ್ಕೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಒಯ್ದಳು. ಆಚಾರ್ರು ಅದನ್ನು ಚಿನ್ನದ ತಕ್ಕಡಿಯ ಮೇಲಿಟ್ಟರು. "ಅರವತ್ತೆರಡು ಗ್ರಾಂ" ಎಂದು, ಕನ್ನಡಕದ ಮೇಲಿಂದ ನೋಡಿದರು. "ಬಂಗಾರದ್ದಾಗಿದ್ರೆ ನಾನೇ ನಿಮ್ಮನೇಗೆ ಬಂದು ತೂಗ್ತಿದ್ದೆ ತಾಯಿ."

ಇತ್ತ ಮಹೇಂದ್ರ ಕಲಿಯುತ್ತಿದ್ದ. ಕಾಫಿ ಎಂದರೆ ಕುಡಿಯುವುದು ಎಂದುಕೊಂಡಿದ್ದವನಿಗೆ, ಅದು ಡಿಕಾಕ್ಷನ್ ಇಳಿಸುವಲ್ಲಿ ಶುರುವಾಗಿ ಲೋಟ ಬೋರಲು ಹಾಕುವಲ್ಲಿ ಮುಗಿಯುತ್ತದೆ ಎಂದು ಗೊತ್ತಾಯಿತು. ಬೋಂಡವಿಲ್ಲದ ಮನೆಗೆ ಗೆಳೆಯರು ಕಡಿಮೆಯಾದರು. ಸುರೇಶನೊಬ್ಬ ಬರುತ್ತಿದ್ದ. ಬಂದವನಿಗೆ ಈರುಳ್ಳಿ ಸುಲಿಯುವ ಕೆಲಸ ಬೀಳುತ್ತಿತ್ತು.

ನಾಲ್ಕನೇ ವಾರ ಮಹೇಂದ್ರ ತಾನೂ ಕೈ ಹಾಕಿದರೆ ಬೇಗ ಮುಗಿಯುತ್ತದೆ ಎಂದು ಯೋಚಿಸಿದ. ಶನಿವಾರ ನಯನ ಮದುವೆ ಮನೆಗೆ ಬ್ಲೌಸುಗಳನ್ನು ತಲುಪಿಸಲು ತರೀಕೆರೆಗೆ ಹೋಗಿದ್ದಳು. ಸಂಜೆ ಅವಳು ಬಸ್ಸಿಳಿದು ಬರುವಷ್ಟರಲ್ಲಿ ಎರಡನೇ ರೆಕ್ಕೆ ತಯಾರು. ಕೊಯ್ದು, ಕಾಗದ ಸುಲಿದು, ಪದರ ಅಂಟಿಸಿ, ಕಡ್ಡಿ ಇಟ್ಟು, ಗೋಡೆಗೆ ಒರಗಿಸಿದ್ದ. ಮೊದಲ ರೆಕ್ಕೆಯನ್ನೇ ಮೇಲಿಟ್ಟು ಗೆರೆ ಹಾಕಿದ್ದರಿಂದ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ.

ನಯನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ತುಟಿ ಕಚ್ಚಿಕೊಂಡಳು.

"ಹೆಂಗೈತೆ? ಒಂದೇ ಥರ ಇಲ್ವಾ?" ಎಂದ ಮಹೇಂದ್ರ.

"ಒಂದೇ ಥರ ಐತೆ ರೀ. ಎರಡೂ ಎಡಗಡೆದು."

ಮಹೇಂದ್ರ ಒಂದನ್ನು ಎತ್ತಿ, ತಿರುಗಿಸಿ, ಮಗುಚಿ, ಇನ್ನೊಂದಕ್ಕೆ ಹಿಡಿದು ನೋಡಿದ. ಮಗುಚಿದರೆ ಪದರ ಕೆಳಗೆ ಬರುತ್ತಿತ್ತು, ತಿರುಗಿಸಿದರೆ ಹಿಂದಿನ ಅಂಚು ಮುಂದೆ ಬರುತ್ತಿತ್ತು. ಹೇಗೆ ಹಿಡಿದರೂ ಅದು ಬಲಗಡೆಯದಾಗಲಿಲ್ಲ.

"ಹೊಲಿಗೆ ಕಲಿಯೋರೆಲ್ಲಾ ಮೊದ್ಲು ಹಿಂಗೇ ಮಾಡ್ತಾರೆ" ಎಂದಳು ನಯನ, ನಿಜವಾದ ಕರುಣೆಯಿಂದ. "ಎರಡು ಎಡಗೈ ತೋಳು ಹೊಲಿದು ಮೈಗೆ ಜೋಡಿಸೋಕೆ ಹೋಗ್ತಾರೆ. ಏನಾಗಲ್ಲ, ಇನ್ನೊಂದು ಬೋರ್ಡ್ ಐತೆ. ಎರಡು ವಾರ ಜಾಸ್ತಿ ಆಗುತ್ತೆ, ಅಷ್ಟೇ."

ಮೀನಾಕ್ಷಮ್ಮ ಹುಕ್ ಹಾಕುತ್ತಿದ್ದ ಬ್ಲೌಸಿನಲ್ಲಿ ಮುಖ ಮುಚ್ಚಿಕೊಂಡರು. ಮಹೇಂದ್ರನ ರೆಕ್ಕೆ ಅಡುಗೆಮನೆಗೆ ಹೋಯಿತು. ದೋಸೆ ಹಿಟ್ಟಿನ ದೊಡ್ಡ ಪಾತ್ರೆಗೆ ಅದು ಮುಚ್ಚಳವಾಗಿ ಚೆನ್ನಾಗಿ ಕೂತಿತು.

ಫೆಬ್ರವರಿ ಮುಗಿಯುವ ಹೊತ್ತಿಗೆ ಎರಡು ತೋಳೂ ಜೋಡಿಯಾದವು, ಮೋಟಾರು ಕೂತಿತು, ಹಾರಿಸಲು ಬಯಲು ಬೇಕಾಯಿತು. ಬುಕ್ಕಾಂಬುಧಿ ಕೆರೆಯ ಪಕ್ಕ ರಾಗಿ ಕುಯ್ದ ಹೊಲಗಳಿದ್ದವು.

"ನಾನೂ ಬತ್ತೀನಿ" ಎಂದರು ಮೀನಾಕ್ಷಮ್ಮ. "ಒಬ್ಳೇ ಹೆಣ್ಣುಮಗ್ಳು ಬಯಲಲ್ಲಿ ನಿಂತ್ಕೊಂಡ್ರೆ ನೋಡೋರೇನಂತಾರೆ."

ಮಾತು ಅದಾಗಿದ್ದರೂ ವಿಷಯ ಬೇರೆ ಇತ್ತು. ಬುಕ್ಕಾಂಬುಧಿ ಅವರ ತವರು. ಮದುವೆಯಾದ ಮೇಲೆ ಅಲ್ಲಿಗೆ ಹೋದದ್ದೆಲ್ಲ ಮದುವೆಗೆ, ತಿಥಿಗೆ, ಬಾಣಂತನಕ್ಕೆ. ಬಸ್ಸಿಳಿದರೆ ಸೀದಾ ಅಡುಗೆಮನೆ, ಅಡುಗೆಮನೆಯಿಂದ ಸೀದಾ ಬಸ್ಸು. ಚಿಕ್ಕಂದಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ ಕೆರೆ ಏರಿಯನ್ನು ಐವತ್ತು ವರ್ಷದಿಂದ ಅವರು ಬಸ್ಸಿನ ಕಿಟಕಿಯಲ್ಲೇ ನೋಡಿದ್ದರು.

ನಯನಳ ಸ್ಕೂಟರಿನ ಹಿಂದೆ ಕೂತು, ಎರಡೂವರೆ ಅಡಿ ರೆಕ್ಕೆಯನ್ನು ಅವರು ತೊಡೆಯ ಮೇಲೆ ಅಡ್ಡ ಹಿಡಿದಿದ್ದರು. ಗಾಳಿಗೆ ಅದು ಮೇಲೇಳಲು ನೋಡುತ್ತಿತ್ತು. "ನಿಧಾನ ಹೋಗೇ. ಇದು ನನ್ನೂ ಎತ್ಕೊಂಡ್ ಹೋಗುತ್ತೆ."

ಹೊಲದಲ್ಲಿ ನಯನ ರಿಮೋಟು ಹಿಡಿದಳು, ಅತ್ತೆ ರೆಕ್ಕೆ ಹಿಡಿದರು. ಮೊರದಲ್ಲಿ ಕೇರುವವರಂತೆ ಎರಡೂ ಕೈಯಿಂದ ಒಂದು ಬೀಸು ಬೀಸಿ ಬಿಟ್ಟರು. ರೆಕ್ಕೆ ಹತ್ತು ಮಾರು ಹೋಗಿ, ಎರಡು ತೋಳು ಕೂಡುವಲ್ಲಿನ ಮೂಗು ಬಗ್ಗಿಸಿ, ರಾಗಿ ಕೂಳೆಯಲ್ಲಿ ನೆಟ್ಟುಕೊಂಡಿತು. ಮೂಗು ಮುರಿಯಿತು.

ಏರಿಯ ಮೇಲೆ ಕೂತು ನಯನ ಮಗಳಿಗೆ ಫೋನ್ ಮಾಡಿದಳು. ಹಿಂದಿನ ಪಟ್ಟಿಗಳು ಎರಡೂ ಸುಮ್ಮನಿರುವಾಗಲೇ ಒಂದಿಷ್ಟು ಮೇಲೆದ್ದಿರಬೇಕು ಎಂದಳು ನಿಶ್ಚಿತಾ. ಬಾಲವಿಲ್ಲದ ವಿಮಾನಕ್ಕೆ ಮೂಗೆತ್ತಲು ಅದೇ ಆಸರೆಯಂತೆ. "ಒಂದು ಮೂರು ಮಿಲಿಮೀಟರ್ ಅಮ್ಮ."

"ಒಂದು ನೂಲು ಅನ್ನು. ಮೊದ್ಲೇ ಹೇಳ್ಬಾರ್ದಾ."

ಮನೆಗೆ ಬಂದಾಗ ಮಹೇಂದ್ರ ಹಿಟ್ಟಿನ ಕೈಯಲ್ಲೇ ಓಡಿ ಬಂದ. "ಹಾರ್ತಾ?"

"ಮೂಗು ಮುರೀತು ಕಣಪ್ಪ" ಎಂದರು ಮೀನಾಕ್ಷಮ್ಮ, ಸಾವಿನ ಮನೆಯಿಂದ ಬಂದವರಂತೆ.

ಸೋಮವಾರ ಬೆಳಿಗ್ಗೆ ಮಹೇಂದ್ರ ತೋಟಕ್ಕೆ ಹೋದ ಮೇಲೆ ನಯನ ಅಂಟಿನ ಗನ್ನು ಬಿಸಿ ಮಾಡಿ, ಮುರಿದ ಕಡೆ ಎರಡು ಹನಿ ಹಾಕಿ, ಒತ್ತಿ ಹಿಡಿದು, ಟೇಪು ಸುತ್ತಿದಳು. ಹತ್ತು ನಿಮಿಷದ ಕೆಲಸ. ಮೀನಾಕ್ಷಮ್ಮ ಗೋಡೆ ಗಡಿಯಾರ ನೋಡಿದರು, ಸೊಸೆಯನ್ನು ನೋಡಿದರು, ಸೂಜಿಗೆ ದಾರ ಪೋಣಿಸಿದರು.

ಅದಾದ ಮೇಲೆ ಪ್ರತಿ ಭಾನುವಾರವೂ ಇಬ್ಬರೂ ಹೊರಟರು. ರೆಕ್ಕೆ ಒಂದು ವಾರ ಇಪ್ಪತ್ತು ಮಾರು, ಇನ್ನೊಂದು ವಾರ ಹೊಲದ ಬದುವಿನವರೆಗೂ ಹೋಗಿ ಬಿತ್ತು. ಬ್ಯಾಟರಿಯನ್ನು ಬೆರಳಗಲ ಮುಂದೆ ಸರಿಸಿ, ಎರಡು ಬೆರಳ ತುದಿಯ ಮೇಲೆ ಸಮ ತೂಗಿಸಿ, ನಯನ ಮತ್ತೆ ಹಾರಿಸಿದಳು. ಆಮೇಲೆ ಏರಿಯ ಮೇಲೆ ಕೂತು ಕಡಲೆಕಾಯಿ ತಿಂದರು. ಮೀನಾಕ್ಷಮ್ಮ ಯಾವ ಕಲ್ಲಿನ ಮೇಲೆ ಯಾರು ಬಟ್ಟೆ ಒಗೆಯುತ್ತಿದ್ದರು ಎಂದು ಹೇಳುತ್ತಿದ್ದರು. ಮಧ್ಯೆ ಒಮ್ಮೆ ರಿಮೋಟು ಕೈಗೆತ್ತಿಕೊಂಡು ಕೇಳಿದರು: "ಈ ಕಡ್ಡಿ ಮುಂದಕ್ಕೆ ತಳ್ಳಿದ್ರೆ ಏನಾಗುತ್ತೆ?"

"ಮೂಗು ಕೆಳಗೆ ಹೋಗುತ್ತೆ ಅತ್ತೆ. ಹಿಂದಕ್ಕೆ ಎಳದ್ರೆ ಮೇಲೆ."

"ಓಹೋ" ಎಂದು ಅದನ್ನು ಕೆಳಗಿಟ್ಟರು.

ಮಾರ್ಚ್ ಮೂರನೇ ಭಾನುವಾರ ರೆಕ್ಕೆ ಮುಕ್ಕಾಲು ಸುತ್ತು ಹೊಡೆಯಿತು. ನಯನ ಕೂಗಿಕೊಳ್ಳುವಷ್ಟು ಖುಷಿಪಟ್ಟು, ಥಟ್ಟನೆ ಸುಮ್ಮನಾದಳು. ಇನ್ನೊಂದು ವಾರ. ಆಮೇಲೆ ಹಾರುತ್ತದೆ. ಹಾರಿದರೆ ಮುಗಿಯಿತು. ಏರಿಯಿಲ್ಲ, ಕಡಲೆಕಾಯಿಯಿಲ್ಲ. ನಾಲ್ಕು ಗಂಟೆಗೆ ಎಣ್ಣೆ ಕಾಯಿಸುವುದು.

ಆ ವಾರವೆಲ್ಲ ಅದೇ ತಲೆಯಲ್ಲಿತ್ತು. ಬಲಗಡೆಯ ಪಟ್ಟಿ ಇನ್ನೂ ಅರ್ಧ ನೂಲು ತಗ್ಗಿತ್ತು. ಹಾಗೇ ಬಿಟ್ಟರೆ ಸಾಕಿತ್ತು, ವರ್ಷವೆಲ್ಲ ಬೀಳುತ್ತಿತ್ತು. ಗುರುವಾರ ಅದನ್ನು ಮುಟ್ಟದೆ ಬೀರುವಿನ ಹಿಂದೆ ಇಟ್ಟಳು. ಶುಕ್ರವಾರ ಮಿಷನ್ ತುಳಿಯುತ್ತ ನಾಲ್ಕು ಸಲ ಆ ಕಡೆ ನೋಡಿದಳು. ಶನಿವಾರ ಎತ್ತಿಕೊಂಡು, ಮೋಟಾರಿನಿಂದ ಪಟ್ಟಿಗೆ ಹೋಗುವ ತಂತಿ ಬಗ್ಗಿಸಿ ಸರಿ ಮಾಡಿದಳು. ಗೊತ್ತಿದ್ದೂ ಸೊಟ್ಟ ಬಿಡುವುದು ಅವಳ ಕೈಗೆ ಬರಲಿಲ್ಲ.

"ಸರಿ ಮಾಡ್ಬಿಟ್ಯಾ?" ಎಂದರು ಮೀನಾಕ್ಷಮ್ಮ.

"ಮಾಡ್ಬಿಟ್ಟೆ ಅತ್ತೆ."

"ಮಾಡ್ದಿದ್ರೆ ನಿನ್ ಕೈಲಿ ಬ್ಲೌಸ್ ಹೊಲಿಸ್ಕೊಳೋಕೆ ನಂಗೆ ಭಯ ಆಗ್ತಿತ್ತು."

ಆ ಭಾನುವಾರ ಮಹೇಂದ್ರನೂ ಬಂದ. ಬೈಕಿನ ಹಿಂದೆ ಸುರೇಶನನ್ನು ಕೂರಿಸಿಕೊಂಡು ಬಂದ. ಸಾಕ್ಷಿ ಬೇಕಲ್ಲ. ಅತ್ತೆ ಕೇರುವಂತೆ ಬೀಸಿದರು, ನಯನ ಮೋಟಾರು ಏರಿಸಿದಳು, ಬಿಳಿ ರೆಕ್ಕೆ ಹೊಲದ ಮೇಲೆ ಎದ್ದು, ಏರಿಯಷ್ಟೆತ್ತರ ಹೋಗಿ, ಕೆರೆಯ ಕಡೆ ಹೊರಳಿ ಬಂತು. ಒಂದು ಸುತ್ತು. ಎರಡು ಸುತ್ತು. ಬಿಸಿಲಿಗೆ ಅದರೊಳಗಿನ ತೆಂಗಿನ ಕಡ್ಡಿಗಳು ಎಲೆಯ ನರದ ಹಾಗೆ ಕಾಣುತ್ತಿದ್ದವು. ನೀರಿನಲ್ಲಿ ನಿಂತಿದ್ದ ಬೆಳ್ಳಕ್ಕಿಗಳು ಕತ್ತೆತ್ತಿದವು. ಮಹೇಂದ್ರ ಬಾಯಿ ತೆರೆದುಕೊಂಡು ನಿಂತಿದ್ದ.

"ಅತ್ತಿಗೆ, ಭಲೇ" ಎಂದ ಸುರೇಶ. "ಈರುಳ್ಳಿ ಸುಲಿದಿದ್ದಕ್ಕೂ ಸಾರ್ಥಕ ಆಯ್ತು."

ಐದನೇ ಸುತ್ತಿಗೆ ಮಹೇಂದ್ರ ಬಾಯಿ ಮುಚ್ಚಿ ಗಂಟಲು ಸರಿ ಮಾಡಿಕೊಂಡ. "ಹಾರ್ತು ಕಣೇ. ಪರ್ವಾಗಿಲ್ಲ, ನಾನೂ ಮೆಚ್ದೆ. ಸದ್ಯ ಮುಗೀತಲ್ಲ. ಬರೋ ವಾರ ಸುರೇಶಂಗೆ ಬೋಂಡ ಮಾಡ್ಕೊಡು, ಪಾಪ."

ನಯನ ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ಹೊರಳಿಸಿದಳು. ಅವಳ ಕಣ್ಣು ಮೇಲಿತ್ತು.

"ಇಲ್ಲಿ ಕೊಡವ್ವ ಒಂದ್ಸಲ" ಎಂದು ಮೀನಾಕ್ಷಮ್ಮ ಪಕ್ಕಕ್ಕೆ ಬಂದರು. "ಇಷ್ಟು ದಿನ ಎಸೆಯೋದೇ ಆಯ್ತು. ನಾನೂ ನೋಡ್ತೀನಿ."

ನಯನ ರಿಮೋಟನ್ನು ಕೊಟ್ಟಳು. ಮೀನಾಕ್ಷಮ್ಮ ಕನ್ನಡಕ ಸರಿ ಮಾಡಿಕೊಂಡರು. ಒಂದು ಸುತ್ತನ್ನು ಅಚ್ಚುಕಟ್ಟಾಗಿ ಹಾರಿಸಿದರು. ರೆಕ್ಕೆ ಮೆತ್ತಗೆ ಹೊರಳಿ, ಕೂಳೆ ಹೊಲದ ಮೇಲಕ್ಕೆ, ನೀರಿನಿಂದ ದೂರಕ್ಕೆ, ಯಾರ ತಲೆಯೂ ಇಲ್ಲದ ಕಡೆಗೆ ಬಂತು. ಬಂದಮೇಲೆ ಅವರು ಕಡ್ಡಿಯನ್ನು ಮುಂದಕ್ಕೆ ತಳ್ಳಿ ಹಿಡಿದುಕೊಂಡರು.

ಮೂಗು ಮುರಿದ ಸದ್ದು ಏರಿಯವರೆಗೂ ಕೇಳಿಸಿತು.

"ಅಯ್ಯೋ, ನಂಗೇನ್ ಗೊತ್ತಾಗುತ್ತೆ ಇದೆಲ್ಲ" ಎಂದರು ಮೀನಾಕ್ಷಮ್ಮ, ರಿಮೋಟನ್ನು ಸೊಸೆಯ ಕೈಗಿಡುತ್ತ.

"ಬಿಡಮ್ಮ" ಎಂದ ಮಹೇಂದ್ರ. "ಹಾರಿದ್ದಂತೂ ಹಾರ್ತು. ನಾವೇ ನೋಡಿದ್ವಲ್ಲ."

"ಹಾರ್ತು. ಇಳೀತಾ?"

"ಅಂದ್ರೆ?"

"ಹಾರೋದು ಅಂದ್ರೆ ಹೋಗಿ ಬರೋದು ಕಣೋ. ಹೋಗಿ ಬಿದ್ರೆ ಅದು ಹಾರಿದ್ದು ಹೆಂಗಾಗುತ್ತೆ? ನೀನೇ ಹೇಳಪ್ಪ ಸುರೇಶ, ನೀನಲ್ವಾ ಸಾಕ್ಷಿ."

ಸುರೇಶ ಮಹೇಂದ್ರನನ್ನು ನೋಡಿದ, ಮೀನಾಕ್ಷಮ್ಮನವರನ್ನು ನೋಡಿದ. ಅವನು ಊರಲ್ಲಿ ಬಾಳಿ ಬದುಕಬೇಕಾದವನು. "ದೊಡ್ಡಮ್ಮ ಹೇಳೋದ್ರಲ್ಲೂ ನ್ಯಾಯ ಐತೆ ಮಾರಾಯ" ಎಂದ.

ಮಹೇಂದ್ರ ಕೂಳೆಯ ನಡುವೆ ನಡೆದು ಹೋಗಿ ರೆಕ್ಕೆಯನ್ನೂ ಮೂಗನ್ನೂ ಆರಿಸಿ ತಂದ. ಎಷ್ಟು ಹಗುರವಿದೆ ಎಂದು ಮೊದಲ ಸಲ ಗೊತ್ತಾದವನಂತೆ ಅಂಗೈಯಲ್ಲಿ ಒಂದು ಸಲ ತೂಗಿ ನೋಡಿದ. "ಇದು ರಿಪೇರಿಗೆ ಎಷ್ಟು ದಿನ ಬೇಕು?"

"ಹತ್ತು..." ಎಂದಳು ನಯನ. ಸುಳ್ಳು ಅವಳಿಗೆ ಬರುತ್ತಿರಲಿಲ್ಲ.

"ಹತ್ತು ವಾರ" ಎಂದರು ಮೀನಾಕ್ಷಮ್ಮ. "ಮೂಗಿನ ಕೆಲಸ ಕಣಪ್ಪ. ಅವಸರ ಮಾಡಂಗಿಲ್ಲ."

ಮಹೇಂದ್ರ ಬೈಕ್ ಹತ್ತಿ, ಕಿಕ್ ಹೊಡೆಯುವ ಮುಂಚೆ ತಿರುಗಿ ಕೇಳಿದ: "ದೋಸೆಗೆ ಅಕ್ಕಿ ನೆನೆಹಾಕಿದೀನಿ. ಉದ್ದು ಎಷ್ಟು ಹಾಕ್ಲಿ?"

ಅತ್ತೆ ಸೊಸೆ ಅಷ್ಟರಲ್ಲಿ ಏರಿ ಹತ್ತುತ್ತಿದ್ದರು. ಗಂಟೆ ಇನ್ನೂ ಐದೂವರೆ.